ಪೋಸ್ಟಮ್ಮನ ಸರ್ವರ್

ಹೊಸ ಸಾಫ್ಟ್‌ವೇರ್ ಕೂರಿಸಲು ಇನ್ನೂ ಒಂದು ಮಾಡ್ಯೂಲ್, ಅಂದರೆ ಅದರ ಬಿಡಿಭಾಗ, ಕಡಿಮೆ ಇದೆ ಎಂದು ಸರ್ವರಿನ ಕಪ್ಪು ಪರದೆ ಮತ್ತೆ ಕ್ಯಾತೆ ತೆಗೆಯಿತು. ಪೋಸ್ಟಮ್ಮ ಕನ್ನಡಕವನ್ನು ತಲೆಯ ಮೇಲೆ ಏರಿಸಿ, ನಿಮ್ಮ ಕಡೆಯವರೆಲ್ಲ ಬಂದಾಯಿತಾ, ಇನ್ನೂ ಯಾರಾದರೂ ಬಾಕಿ ಇದ್ದಾರಾ ಎಂದು ಅದನ್ನೇ ಕೇಳಿದಳು. ಬೆಳಿಗ್ಗೆಯಿಂದ ಇದೇ ಕಥೆ. ಒಂದನ್ನು ತಂದು ಹಾಕಿದರೆ ಅದು ಇನ್ನೊಂದು ಬೇಕೆನ್ನುತ್ತದೆ, ಆ ಇನ್ನೊಂದಕ್ಕೆ ಮತ್ತೊಂದು. ಒಬ್ಬರನ್ನು ಊಟಕ್ಕೆ ಕರೆದರೆ ಬೀದಿಗೆ ಬೀದಿಯೇ ಬಂದು ಕೂತ ಹಾಗೆ. ಆದರೂ ಅವಳಿಗೆ ಬೇಜಾರಿರಲಿಲ್ಲ. ಲಿನಕ್ಸ್ ಸರ್ವರ್ ಅಂದರೆ ನೀವು ಏನೇ ಅಂದುಕೊಳ್ಳಿ, ತನಗೆ ಏನು ಬೇಕೋ ಅದನ್ನು ಬಾಯಿಬಿಟ್ಟು ಹೇಳುತ್ತದೆ. ಅವಳ ಗಂಡನಿಗೂ ಅತ್ತಿಗೆಗೂ ಹೋಲಿಸಿದರೆ ಅದೇ ಎಷ್ಟೋ ವಾಸಿ.

ಗಂಡ, ಗಂಡನ ಅಕ್ಕ, ಅವಳು, ಮೂವರೇ ಸೇರಿ ನಡೆಸುವ ಕಂಪನಿ ಅದು. ಹಲ್ಲಿನ ಡಾಕ್ಟರುಗಳ ಕ್ಲಿನಿಕ್ಕಿನಲ್ಲಿ ಯಾವ ರೋಗಿ ಎಷ್ಟು ಹೊತ್ತಿಗೆ ಬರಬೇಕು ಎಂದು ಗೊತ್ತುಮಾಡುವ ಪ್ರೋಗ್ರಾಮು ಅವರ ಸರಕು. ಗಂಡ ಬರೆಯುತ್ತಾನೆ, ಅತ್ತಿಗೆ ಅದನ್ನು ಕುಟ್ಟಿ ತಟ್ಟಿ ಪರೀಕ್ಷೆ ಮಾಡಿ ಡಾಕ್ಟರುಗಳಿಗೆ ಮಾರುತ್ತಾರೆ, ಸರ್ವರ್ ಇವಳ ಪಾಲು. ಅತ್ತೆಯ ಮನೆಯ ಮಹಡಿಯೇ ಆಫೀಸು. ಮುಂದಿನ ಕೋಣೆ ಅತ್ತಿಗೆಯದು, ಹಿಂದಿನದು ಗಂಡನದು. ಎರಡರ ನಡುವಿನ ಉದ್ದನೆಯ ಜಾಗದಲ್ಲಿ, ನೀರಿನ ಫಿಲ್ಟರಿಗೂ ಪ್ರಿಂಟರಿಗೂ ಮಧ್ಯೆ ಇವಳ ಮೇಜು. ಯಾವ ಕೋಣೆಯ ಬಾಗಿಲು ತೆಗೆದರೂ ಮೊದಲು ಕಾಣುವುದು ಇವಳ ಮುಖವೇ.

ಪೋಸ್ಟಮ್ಮ ಎಂಬ ಹೆಸರು ಬಂದದ್ದು ಹೋದ ತಿಂಗಳು. ಒಂದೇ ಸಮಯವನ್ನು ಎಷ್ಟು ಜನ ರೋಗಿಗಳಿಗೆ ಕೊಟ್ಟರೂ ಪ್ರೋಗ್ರಾಮು ಬೇಡ ಅನ್ನುವುದಿಲ್ಲ ಎಂಬ ತಪ್ಪನ್ನು ಅತ್ತಿಗೆ ಕಂಡುಹಿಡಿದಿದ್ದರು. ಅದನ್ನು ತಮ್ಮನಿಗೆ ಹೇಳಿದ್ದೆ ಎಂದು ಅವರು, ಹೇಳಿಯೇ ಇರಲಿಲ್ಲ ಎಂದು ಅವನು. ಯಾರದ್ದು ನಿಜವೋ, ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಒಂದು ಬೆಳಿಗ್ಗೆ ಇಡೀ ದಿನದ ರೋಗಿಗಳೆಲ್ಲ ಒಟ್ಟಿಗೆ ಬಂದು ಇಳಿದರು. ಬೆಂಚು ತುಂಬಿ, ಮೆಟ್ಟಿಲು ತುಂಬಿ, ಎಲ್ಲರೂ ಕೆನ್ನೆ ಹಿಡಿದುಕೊಂಡು ನಿಂತಿದ್ದರಂತೆ. ಅಕ್ಕ ತಮ್ಮ ಇಬ್ಬರೂ ಓಡಿದರು. ಡಾಕ್ಟರು ಕೂಗಾಡಿದಾಗ ಅತ್ತಿಗೆಯ ಬಾಯಿಂದ, "ಇವನು ಯಾವಾಗಲೂ ಹೀಗೇ ಸರ್, ಹೇಳಿದ್ದು ತಲೆಗೆ ಹೋಗಲ್ಲ" ಎಂಬ ಮಾತು ಬಂದುಬಿಟ್ಟಿತು. ಅಷ್ಟೂ ಜನರ ಎದುರಿಗೆ. ಅವತ್ತಿನಿಂದ ತಮ್ಮ ಅಕ್ಕನ ಜೊತೆ ಮಾತು ಬಿಟ್ಟ. ಅವನು ಬಿಟ್ಟ ಎಂದು ಅವರೂ ಬಿಟ್ಟರು.

ಆಮೇಲೆ ಶುರುವಾಯಿತು ನೋಡಿ, ನಿನ್ನ ಗಂಡನಿಗೆ ಹೇಳು, ನಿನ್ನ ಅತ್ತಿಗೆಗೆ ಹೇಳು. ಬಿಲ್ಲು ಮುದ್ರಣವಾಗುತ್ತಿಲ್ಲ ಎಂಬುದರಿಂದ ಹಿಡಿದು ಫ್ಯಾನ್ ಆರಿಸು ಎಂಬುದರವರೆಗೆ ಎಲ್ಲ ಇವಳ ಮೂಲಕವೇ. ಇಬ್ಬರೂ ಒಂದೇ ಕೋಣೆಯಲ್ಲಿದ್ದಾಗಲೂ ಅಷ್ಟೆ, ಮಾತು ಇವಳ ಮುಖಕ್ಕೆ ಬಡಿದೇ ಆಚೆ ಹೋಗಬೇಕು. ಕೆಳಗಿನಿಂದ ಇದನ್ನೆಲ್ಲ ನೋಡಿದ ಅತ್ತೆ ಸೊಸೆಗೆ ಪೋಸ್ಟಮ್ಮ ಎಂದು ಹೆಸರಿಟ್ಟರು. ಹೆಸರೇನೋ ಚೆನ್ನಾಗಿಯೇ ಇತ್ತು. ಕೆಲಸ ಮಾತ್ರ ಸಾಕುಸಾಕಾಗಿಹೋಗಿತ್ತು.

ಈ ಸಾಫ್ಟ್‌ವೇರಿನ ಯೋಚನೆ ಬಂದದ್ದು ಹಾಗೆ. ಪ್ರೋಗ್ರಾಮಿನಲ್ಲಿ ತಪ್ಪು ಕಂಡವರು, ಅಂದರೆ ಬಗ್ ಕಂಡವರು, ಬ್ರೌಸರಿನಲ್ಲಿ ಒಂದು ಪುಟ ತೆರೆದು ಬರೆದರಾಯಿತು. ಸರಿ ಮಾಡಬೇಕಾದವರಿಗೆ ತಾನಾಗಿಯೇ ಮೇಲ್ ಹೋಗುತ್ತದೆ. ಸರಿ ಮಾಡಿದವರು ಮುಚ್ಚುತ್ತಾರೆ, ಒಪ್ಪಿಗೆಯಾಗದಿದ್ದರೆ ಬರೆದವರು ಮತ್ತೆ ತೆರೆಯುತ್ತಾರೆ. ಹೇಳಿದ್ದೆ, ಹೇಳಿರಲಿಲ್ಲ ಎಂಬ ರಗಳೆಯೇ ಇಲ್ಲ. ಇದನ್ನು ಹಾಕೋಣವೇ ಎಂದು ಅವಳು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದಳು, ಇಬ್ಬರೂ ಬೇರೆಬೇರೆಯಾಗಿ ಒಪ್ಪಿದರು.

ಅವಳ ಎದೆಯಲ್ಲಿ ಕೂತಿದ್ದ ಭಾರ ಬೇರೆಯೇ ಇತ್ತು. ಇನ್ನೊಂದು ದೊಡ್ಡ ಕಂಪನಿಯವರು ಗಂಡನನ್ನು ಕೆಲಸಕ್ಕೆ ಕರೆದಿದ್ದರು, ಸೋಮವಾರ ಅವನು ಉತ್ತರ ಹೇಳಬೇಕಿತ್ತು. ಹೂಂ ಅಂದುಬಿಡೋಣ ಅಂತಿದೀನಿ ಎಂದು ರಾತ್ರಿ ಊಟ ಮಾಡುತ್ತಾ ಹೇಳಿದ್ದ. ಅಕ್ಕನಿಗೆ ಹೇಳಿ ಎಂದರೆ, ನೀನೇ ಹೇಳು ಎಂದು ತಟ್ಟೆ ತೊಳೆಯಲು ಎದ್ದುಹೋದ. ಈ ಒಂದು ಸುದ್ದಿಯನ್ನು ಮಾತ್ರ ಪೋಸ್ಟಮ್ಮ ಮುಟ್ಟಿಸಲಿಲ್ಲ. ಅವನು ಹೋದರೆ ಪ್ರೋಗ್ರಾಮು ಬರೆಯುವವರಿಲ್ಲ, ಅಲ್ಲಿಗೆ ಕಂಪನಿ ಮುಗಿದ ಹಾಗೆಯೇ. ಅವಳಿಗೆ ಈ ಮಹಡಿ ಇಷ್ಟ. ಆ ಇಬ್ಬರೂ ಇಷ್ಟ. ಅಕ್ಕ ತಮ್ಮ ಗೋಡೆಯಾಚೆಯಿಂದಲೇ ಒಬ್ಬರನ್ನೊಬ್ಬರು ಗೇಲಿ ಮಾಡಿಕೊಂಡು ಕೆಲಸ ಮಾಡುತ್ತಿದ್ದ ದಿನಗಳನ್ನು ನೆನೆಸಿಕೊಂಡರೆ ಅವಳಿಗೆ ಅಳುವೇ ಬರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮಾಡ್ಯೂಲುಗಳ ಬಳಗ ಪೂರ್ತಿಯಾಯಿತು. ಡೇಟಾಬೇಸ್ ಪಾಸ್‌ವರ್ಡ್ ಒಪ್ಪಿಕೊಂಡಿತು. ಒಂದು ಫೋಲ್ಡರಿಗೆ ಅನುಮತಿ ಇಲ್ಲವೆಂದು ವೆಬ್ ಸರ್ವರ್ ಮುನಿಸಿಕೊಂಡಿತ್ತು, ಅದನ್ನೂ ಕೊಟ್ಟಿದ್ದಾಯಿತು. ಬ್ರೌಸರಿನಲ್ಲಿ ಮುಖಪುಟ ತೆರೆದುಕೊಂಡಾಗ ಅವಳು ಸದ್ದಾಗದ ಹಾಗೆ ಚಪ್ಪಾಳೆ ತಟ್ಟಿದಳು. ಇಬ್ಬರ ಹೆಸರಿನಲ್ಲೂ ಖಾತೆ ತೆರೆದಳು. ಆದರೆ ಮೇಲ್ ಮಾತ್ರ ಹೊರಡಲಿಲ್ಲ. ಪರೀಕ್ಷೆ ಎಂದು ಒಂದು ಬಗ್ ಬರೆದಳು, ಹೋಗಲಿಲ್ಲ. ಪರೀಕ್ಷೆ ಪರೀಕ್ಷೆ ಎಂದು ಇನ್ನೊಂದು, ಅದೂ ಇಲ್ಲ. ಫಿಲ್ಟರಿನ ನಲ್ಲಿ ಸೋರುತ್ತಿದೆ ಎಂದು ಮಗದೊಂದು ಬರೆದಳು. ಹೇಗೂ ಹೋಗುವುದಿಲ್ಲ, ಆಮೇಲೆ ಎಲ್ಲ ಅಳಿಸಿದರಾಯಿತು ಎಂದುಕೊಂಡು ನಾಲ್ಕನೆಯದನ್ನು ಮನಸ್ಸು ಬಿಚ್ಚಿ ಬರೆದಳು.

ಬಗ್: ಅಕ್ಕ ತಮ್ಮ ಮಾತಾಡುತ್ತಿಲ್ಲ. ತೀವ್ರತೆ: ಎಲ್ಲ ಕೆಲಸ ಕೆಟ್ಟಿದೆ. ನೋಡುವ ವಿಧಾನ: ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ. ಆಗಬೇಕಾದದ್ದು: ಜಗಳವನ್ನಾದರೂ ಆಡಬೇಕು. ಆಗುತ್ತಿರುವುದು: ಇಬ್ಬರೂ ನನ್ನ ಮುಖ ನೋಡುತ್ತಾರೆ. ಸರಿ ಮಾಡದಿದ್ದರೆ: ಸೋಮವಾರ ತಮ್ಮ ಬೇರೆ ಕಂಪನಿಗೆ ಹೂಂ ಅನ್ನುತ್ತಾನೆ, ಅಕ್ಕನಿಗೆ ಗೊತ್ತೇ ಇಲ್ಲ. ಸರಿ ಮಾಡಬೇಕಾದವರು ಎಂಬ ಕಡೆ ಇಬ್ಬರ ಹೆಸರನ್ನೂ ಹಾಕಿ ಗುಂಡಿ ಒತ್ತಿದಳು. ನಿಜ ಹೇಳಬೇಕೆಂದರೆ ಮನಸ್ಸು ಹಗುರವಾಯಿತು. ಆ ಹಗುರದಲ್ಲೇ ಮೇಲ್ ಹೊರಡದ ಕಾರಣವೂ ಕಣ್ಣಿಗೆ ಬಿತ್ತು. ಸೆಟ್ಟಿಂಗ್ ಫೈಲಿನಲ್ಲಿ ಮೇಲ್ ಸರ್ವರಿನ ಹೆಸರಿಗೆ ಒಂದು ಅಕ್ಷರ ಹೆಚ್ಚಾಗಿತ್ತು. ಅಳಿಸಿ, ಉಳಿಸಿ, ಮೇಲ್ ಸೇವೆಯನ್ನು ಮತ್ತೆ ಶುರುಮಾಡಿದಳು.

ಹೋಗದ ಮೇಲ್ ಕಸದ ಬುಟ್ಟಿಗೆ ಬೀಳುವುದಿಲ್ಲ, ಸಾಲಿನಲ್ಲಿ ನಿಂತು ಬಾಗಿಲು ತೆರೆಯುವುದನ್ನೇ ಕಾಯುತ್ತದೆ. ಇಷ್ಟು ವರ್ಷ ಸರ್ವರ್ ನೋಡಿಕೊಂಡವಳಿಗೆ ಇದು ಗೊತ್ತಿರದ ವಿಷಯವೇನಲ್ಲ. ಆದರೂ ಮರೆತಿದ್ದಳು. ಪರದೆಯ ಮೇಲೆ ಕಳುಹಿಸಲಾಗಿದೆ, ಕಳುಹಿಸಲಾಗಿದೆ ಎಂಬ ಸಾಲುಗಳು ಸರಸರ ಇಳಿದವು. ಮೊದಲು ಇಬ್ಬರ ಪಾಸ್‌ವರ್ಡುಗಳು ಹೋದವು, ಪರೀಕ್ಷೆ ಹೋಯಿತು, ನಲ್ಲಿ ಹೋಯಿತು. ಕೊನೆಯದೂ ಹೋಯಿತು.

ಅದನ್ನು ಅಳಿಸಿಬಿಡೋಣವೆಂದು ಅವಳು ಪುಟ ತೆರೆದರೆ ತಡವಾಗಿಹೋಗಿತ್ತು. ಗಂಡ ಆಗಲೇ ಪುಟದೊಳಗೆ ಬಂದು, "ನನ್ನ ಕಡೆ ಎಲ್ಲ ಸರಿ ಇದೆ" ಎಂದು ಬರೆದು ಬಗ್ಗನ್ನು ಮುಚ್ಚಿದ್ದ. ಯಾವ ತಪ್ಪು ತೋರಿಸಿದರೂ ಅವನು ಮೊದಲು ಹೇಳುವುದು ಅದನ್ನೇ. ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಬಗ್ ಮತ್ತೆ ತೆರೆದುಕೊಂಡಿತು. ಕೆಳಗೆ ಅತ್ತಿಗೆಯ ಸಾಲು: "ಏನೂ ಸರಿ ಇಲ್ಲ. ಬೇರೆ ಕಂಪನಿ ಅಂದರೆ ಏನು?"

ಮುಂದಿನ ಕೋಣೆಯಲ್ಲಿ ಕೀಬೋರ್ಡು ಪಟಪಟ ಎಂದಿತು, ಹಿಂದಿನ ಕೋಣೆಯಲ್ಲೂ ಪಟಪಟ ಎಂದಿತು. ನಡುವೆ ಕೂತು ಅವಳು ಪುಟವನ್ನು ತಿರುತಿರುಗಿ ತೆರೆದು ಓದಿದಳು. ಅದು ಈ ಬಗ್ಗಿಗೆ ಸಂಬಂಧಪಟ್ಟ ವಿಷಯವಲ್ಲ, ಬೇಕಾದರೆ ಬೇರೆ ಬಗ್ ಬರೆಯಿರಿ ಎಂದು ಗಂಡ ಗತ್ತಿನಿಂದ ಬರೆದಿದ್ದ. ಅತ್ತಿಗೆ ಬಿಡುತ್ತಾರೆಯೇ. ತಮ್ಮ ಹೇಳದೆ ಕೇಳದೆ ಹೋಗುತ್ತಿದ್ದಾನೆ ಎಂದು ಹೊಸ ಬಗ್ ಬರೆದು, ತೀವ್ರತೆಯಲ್ಲಿ ಇರುವುದರಲ್ಲೆಲ್ಲ ದೊಡ್ಡದನ್ನು ಆರಿಸಿದ್ದರು. ಅವನು ಅದನ್ನು ಮುಚ್ಚಲಿಲ್ಲ. ತಾನೂ ಒಂದು ಬಗ್ ಬರೆದು ಅಕ್ಕನ ಹೆಸರಿಗೆ ಹಾಕಿದ: ಹೊರಗಿನವರ ಮುಂದೆ ತಮ್ಮನ ಮರ್ಯಾದೆ ತೆಗೆಯುವುದು.

ಮುಂದಿನ ಕೋಣೆಯ ಪಟಪಟ ನಿಂತುಹೋಯಿತು. ಇನ್ನು ಎಲ್ಲ ಕೆಟ್ಟುಹೋಯಿತು, ತಾನೇ ಕೈಯಾರೆ ಕೆಡಿಸಿದೆ ಎಂದು ಅವಳು ಹಣೆ ಹಿಡಿದುಕೊಂಡಳು. ಮತ್ತೊಮ್ಮೆ ಪುಟ ತೆರೆದಾಗ ಅತ್ತಿಗೆಯ ಉತ್ತರ ಇತ್ತು. ಇದು ನಿಜವಾದ ಬಗ್, ತಪ್ಪು ನನ್ನದು, ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ ಎಂದು ಬರೆದಿದ್ದರು. ಅದರ ಕೆಳಗೇ, ಆದರೆ ರೋಗಿಗಳ ಸಮಯದ ತಪ್ಪನ್ನು ನಾನು ಹೇಳಿದ್ದಂತೂ ಹೌದು, ನೀನು ಹೆಡ್‌ಫೋನ್ ಹಾಕಿಕೊಂಡೇ ಹೂಂ ಅಂದೆ ಎಂದೂ ಇತ್ತು. ಹೆಡ್‌ಫೋನ್ ಹಾಕಿದವನಿಗೆ ಯಾರಾದರೂ ಹೇಳುತ್ತಾರಾ ಎಂದು ಅವನು. ತೆಗಿ ಅಂದರೂ ತೆಗೆಯದವನಿಗೆ ಇನ್ನು ಹೇಗೆ ಹೇಳಬೇಕು ಎಂದು ಅವರು. ಸಾಲಿನ ಮೇಲೆ ಸಾಲು ಬೆಳೆಯತೊಡಗಿತು.

ಅವಳಿಗೆ ಮೊದಲು ನಗು ಬಂತು, ಆಮೇಲೆ ಗಾಬರಿಯಾಯಿತು. ಜಗಳ ಚೆನ್ನಾಗಿಯೇ ನಡೆದಿತ್ತು, ಬೇಕಾಗಿದ್ದದ್ದೂ ಅದೇ. ಆದರೆ ಇಬ್ಬರಿಗೂ ಇದು ಎಷ್ಟು ಹಿಡಿಸಿಬಿಟ್ಟಿದೆ ಎಂದರೆ, ಇನ್ನು ಜನ್ಮವಿಡೀ ಹೀಗೇ ಟೈಪ್ ಮಾಡಿಕೊಂಡು ಕೂತುಬಿಡುತ್ತಾರೆ. ಪೋಸ್ಟಮ್ಮನ ಕೆಲಸ ಸರ್ವರಿಗೆ ಹೋಯಿತು, ಅಷ್ಟೇ ವ್ಯತ್ಯಾಸ. ಸೋಮವಾರ ಅವನು ಹೊರಟರೂ ಆ ಸುದ್ದಿಯನ್ನು ಹೀಗೇ ಬರೆದು, ಮುಚ್ಚಿ, ಎದ್ದು ಹೋಗುತ್ತಾನೆ.

ಅವಳು ಕಪ್ಪು ಪರದೆಗೆ ಹೋದಳು. ಆ ಪುಟವನ್ನು ತೋರಿಸುವ ವೆಬ್ ಸರ್ವರನ್ನು ನಿಲ್ಲಿಸುವ ಕಮಾಂಡ್ ಬರೆದಳು. ಒಂದು ಗಳಿಗೆ ತಡೆದು ಎಂಟರ್ ಒತ್ತಿದಳು.

ಎರಡೂ ಕೋಣೆಗಳಲ್ಲಿ ಮೌಸ್ ಟಿಕ್ ಟಿಕ್ ಎಂದಿತು. ಟಿಕ್ ಟಿಕ್ ಜೋರಾಯಿತು. ಹಿಂದಿನ ಕೋಣೆಯಲ್ಲಿ ಕುರ್ಚಿ ಜರುಗಿದ ಸದ್ದು. ಆಮೇಲೆ ಮುಂದಿನ ಕೋಣೆಯಿಂದ, ಪೋಸ್ಟಮ್ಮನ ತಲೆಯ ಮೇಲಿಂದ ಹಾದು, ಅತ್ತಿಗೆಯ ದನಿ ಕೇಳಿಸಿತು.

"ಏಯ್, ನಿಂಗೆ ಪೇಜ್ ಬರ್ತಾ ಇದೆಯೇನೋ?"

ಹಿಂದಿನ ಕೋಣೆಯಿಂದ ಗಂಡನ ದನಿ ಬಂತು.

"ಇಲ್ಲ. ನಿಂಗೆ?"

"ನಂಗೂ ಇಲ್ಲ."

ಎರಡು ಬಾಗಿಲೂ ತೆರೆದವು. ಇಬ್ಬರೂ ಬಂದು ಅವಳ ಮೇಜಿನ ಎರಡು ಕಡೆ ನಿಂತರು. ಅರ್ಧ ದಿನವೂ ಓಡದ ಸರ್ವರ್ ಎಂಥ ಸರ್ವರ್ ಕಣೆ ಎಂದು ಅತ್ತಿಗೆ ಶುರುಮಾಡಿದರು. ಸರಿಯಾಗಿ ನೋಡಿಕೊಂಡು ಹಾಕಬೇಕಿತ್ತು ಎಂದು ಗಂಡ ದನಿಗೂಡಿಸಿದ. ಅಕ್ಕ ಹೇಳೋದರಲ್ಲಿ ತಪ್ಪೇನಿದೆ ಎಂದೂ ಸೇರಿಸಿದ. ಹೋದ ತಿಂಗಳಿನಿಂದ ಇಬ್ಬರೂ ಒಂದು ಮಾತಿನಲ್ಲಿ ಒಪ್ಪಿದ್ದು ಇದೇ ಮೊದಲು. ಅವಳು ತಲೆ ತಗ್ಗಿಸಿ ಖುಷಿಯಾಗಿ ಬೈಸಿಕೊಂಡಳು.

"ನಾನೇನೋ ಬರೀತಾ ಇದ್ದೆ, ಎಲ್ಲ ಹೋಯ್ತು" ಎಂದ ಗಂಡ.

"ಏನು ಬರೀತಿದ್ದೆ? ಬಾಯಲ್ಲೇ ಹೇಳು" ಎಂದರು ಅತ್ತಿಗೆ.

ಅವನು ಫಿಲ್ಟರಿನ ಕಡೆ ನೋಡಿದ, ಪ್ರಿಂಟರಿನ ಕಡೆ ನೋಡಿದ. ಹೆಂಡತಿಯ ಮುಖವನ್ನೂ ನೋಡಿದ. ಅವಳು ಬೇಕೆಂದೇ ಪರದೆಯ ಕಡೆ ತಿರುಗಿಕೊಂಡಳು. ಅವನಿಗೆ ಬೇರೆ ದಾರಿ ಉಳಿಯಲಿಲ್ಲ.

"ಸೋಮವಾರ ಬೇಡ ಅಂತ ಹೇಳ್ಬಿಡ್ತೀನಿ ಅಂತ ಬರೀತಿದ್ದೆ. ನಿನ್ನ ಮೇಲಿನ ಕೋಪಕ್ಕೆ ಹೋಗೋಣ ಅಂತಿದ್ದೆ ಕಣೇ, ಅಕ್ಕ. ಆ ಕೆಲಸದ ಮೇಲೆ ನಂಗೇನೂ ಆಸೆ ಇಲ್ಲ."

ಅತ್ತಿಗೆ ಕಣ್ಣಂಚನ್ನು ಬೆರಳಿನಿಂದ ಒರೆಸಿಕೊಂಡು, "ಜನರ ಮುಂದೆ ಇನ್ನು ಹಾಗೆ ಅನ್ನಲ್ಲ ಕಣೋ" ಎಂದರು. ಆಮೇಲೆ ಅದೇ ಉಸಿರಿನಲ್ಲಿ, ಆ ಡಾಕ್ಟರ ಸಮಯದ ತಪ್ಪು ನೀನು ಸರಿ ಮಾಡಿದ ಮೇಲೂ ಭಾನುವಾರಗಳಲ್ಲಿ ಹಾಗೇ ಇದೆ ಎಂದರು. ಇರುವುದಕ್ಕೆ ಸಾಧ್ಯವೇ ಇಲ್ಲ, ನನ್ನ ಕಡೆ ಸರಿ ಇದೆ ಎಂದು ಅವನು ದನಿ ಏರಿಸಿದ. ತೋರಿಸ್ತೀನಿ ತಾಳು ಎಂದು ಅವರು ತಮ್ಮ ಲ್ಯಾಪ್‌ಟಾಪ್ ತಂದರು. ಅವನು ಎರಡು ಸ್ಟೂಲು ಎಳೆದುಕೊಂಡು ಬಂದ.

"ನೀನೇನು ನೋಡ್ತಾ ಕೂತಿದೀಯ" ಎಂದರು ಅತ್ತಿಗೆ ಅವಳ ಕಡೆ ತಿರುಗಿ, "ಅದನ್ನ ಬೇಗ ಸರಿ ಮಾಡಬಾರದಾ?"

"ಹೊತ್ತಾಗುತ್ತೆ ಅತ್ತಿಗೆ" ಎಂದಳು ಅವಳು.

ವೆಬ್ ಸರ್ವರನ್ನು ಮತ್ತೆ ಶುರುಮಾಡುವ ಕಮಾಂಡ್ ಪರದೆಯ ಮೇಲೆ ಬರೆದೇ ಇತ್ತು, ಒಂದು ಎಂಟರ್ ಒತ್ತಿದರೆ ಸಾಕಿತ್ತು. ಅವಳು ಎದ್ದು, ಕೀಬೋರ್ಡನ್ನು ಪ್ರಿಂಟರಿನ ಮೇಲಿಟ್ಟು, ಅವರಿಬ್ಬರ ಮೊಣಕೈಗೆ ಮೇಜಿನ ಮೇಲೆ ಜಾಗ ಮಾಡಿಕೊಟ್ಟಳು.