ಎರಡನೆಯ ಆಲ್ಬಮ್ಮಿನಲ್ಲಿಲ್ಲದ ದನಿ

ತನ್ನ ಹೊಸ ಆಲ್ಬಮ್ಮಿನ ಮೂರನೆಯ ವಿಮರ್ಶೆಯನ್ನು ಸ್ನೇಹಲ ಮನೆಯ ತೋಟದ ದ್ರಾಕ್ಷಿ ಸಾಲುಗಳ ನಡುವೆ ನಿಂತೇ ಓದಿದಳು. ಮುಂಬಯಿಯ ಪತ್ರಿಕೆಯದು. ಹಿಂದಿನ ಎರಡರ ಹಾಗೆ ಇದೂ ಕೊನೆಗೆ ಅಲ್ಲಿಗೇ ಬಂದು ನಿಂತಿತ್ತು: 'ಮೊದಲ ಆಲ್ಬಮ್ಮಿಗೆ ಜೀವವಿದ್ದದ್ದು ಆ ಹೆಸರಿಲ್ಲದ ಮುದುಕಿಯ ದನಿಯಲ್ಲಿ. ಎರಡನೆಯದರಲ್ಲಿ ಅವಳಿಲ್ಲ, ಉಳಿದದ್ದು ಬರೀ ಯಂತ್ರ.'

ಒಂಬತ್ತು ಹಾಡು. ಅಥಣಿಯ ಮನೆಯ ಮಾಳಿಗೆಯಲ್ಲಿ ಎರಡು ವರ್ಷ ಕೂತು, ಗೆಳೆಯ ಅಮೋಲನೊಡನೆ ಲ್ಯಾಪ್‌ಟಾಪಿನಲ್ಲಿ ಕಟ್ಟಿದ್ದು. ಈ ಸಲ ಎಲ್ಲವನ್ನೂ ಸ್ನೇಹಲಳೇ ಹಾಡಿದ್ದಳು. ಫೋನನ್ನು ಕಿಸೆಗೆ ಹಾಕಿದಳು, ತೆಗೆದಳು, ಮತ್ತೆ ಓದಿದಳು. ಅಷ್ಟರಲ್ಲಿ ನಿಪ್ಪಾಣಿಯಿಂದ ಅಮೋಲನ ಕರೆ ಬಂತು.

"ಓದಿದೇನ? ಸತ್ತಿ ಊರಿಗಿ ಹೋಗಿ ಆ ಮುದುಕಿ ಆಯೀದು ಇನ್ನೊಂದ ನಾಕ ಸಾಲ ರೆಕಾರ್ಡ್ ಮಾಡ್ಕೊಂಡ ಬಾ. ಶನಿವಾರ ಪುಣೆದಾಗ ಕಾರ್ಯಕ್ರಮ ಐತಿ. ಹಿಂಗ ಹೋದ್ರ ಮಂದಿ ಎದ್ದ ಹೋಗ್ತಾರ."

"ಮತ್ತ ನನ್ನ ದನಿ?"

"ಅದೂ ಇರ್ತೈತಲಾ, ಹಿಂದ."

ಬೈಯಬೇಕೆನ್ನಿಸಿತು. ಬೈಯದೆ ಸ್ಕೂಟಿ ತೆಗೆದಳು.

ಆ ಮುದುಕಿ, ತಾರವ್ವ, ಸತ್ತಿಯ ಬಳಿ ಕೃಷ್ಣೆಯ ದಂಡೆಯಲ್ಲಿ ಕುರಿ ಬಿಟ್ಟುಕೊಂಡು ಜಾಲಿಯ ನೆರಳಿಗೆ ಕೂತಿದ್ದಳು. ನಾಲ್ಕು ವರ್ಷದ ಹಿಂದೆ ಅವಳ ಕುರಿಗಳು ಇವರ ತೋಟದಾಚೆ ತಂಗಿದ್ದಾಗ ಸ್ನೇಹಲ ಅವಳ ಹಾಡನ್ನು ಫೋನಿನಲ್ಲಿ ಹಿಡಿದುಕೊಂಡಿದ್ದಳು. ಆಮೇಲೆ ಈ ಕಡೆ ಸುಳಿದಿರಲಿಲ್ಲ.

"ಆಯಿ, ಇನ್ನೊಂದ ಹಾಡ ಬೇಕಾಗಿತ್ರಿ."

"ಅವಾಗ ಒಯ್ದಿದ್ದು ಏನ ಮಾಡ್ದಿ, ಯವ್ವಾ?"

ಸ್ನೇಹಲ ಮೊದಲ ಆಲ್ಬಮ್ಮು ಹಚ್ಚಿ ಇಯರ್‌ಫೋನನ್ನು ಅವಳ ಕಿವಿಗಿಟ್ಟಳು. ತಾರವ್ವ ನಕ್ಕಳು, ತಲೆಯಾಡಿಸಿದಳು.

"ಭಾಳ ಮಂದಿ ಕೇಳ್ಯಾರೇನ?"

"ಲಕ್ಷಗಟ್ಟಲೆ ಕೇಳ್ಯಾರ್ರಿ."

"ಇದು ಸತ್ತಿ ತಾರವ್ವಂದು ಅಂತ ಗೊತ್ತೈತೇನ ಅವ್ರಿಗೆ?"

"ಇಲ್ರಿ. ಹೆಸರ ಹಾಕಿಲ್ಲ."

ತಾರವ್ವ ಸಿಟ್ಟಾಗಲಿಲ್ಲ. ಕಬ್ಬಿಗೆ ನುಗ್ಗಹೊರಟ ಕುರಿಯನ್ನು ಕೂಗಿ ತಿರುಗಿಸಿದಳು. ಆಮೇಲೆ, "ಹೊಸಾದು ಹಚ್ಚು, ನಿಂದು," ಎಂದಳು.

ಒಂದು, ಎರಡು, ಮೂರು ಹಾಡು ಮುಗಿದವು. ಸ್ನೇಹಲ ಹುಲ್ಲು ಕೀಳುತ್ತ ಅವಳ ಮುಖವನ್ನೇ ನೋಡುತ್ತಿದ್ದಳು. ನಾಲ್ಕನೆಯದಕ್ಕೆ ತಾರವ್ವ ಕೈ ಎತ್ತಿದಳು. "ಇದು ಚಲೋ ಐತಿ. ಇದರಾಗ ನೀ ಅಂಜಿಲ್ಲ. ಉಳಿದವು..." ಇಯರ್‌ಫೋನು ತೆಗೆದು ಕೊಟ್ಟಳು. "ನಾ ಇವತ್ತ ಹಾಡೂದಿಲ್ಲ, ತಂಗಿ."

ಅಮೋಲ ಮತ್ತೆ ಕರೆದ.

"ಆಯಿ ಹಾಡೂದಿಲ್ಲಂತ," ಎಂದಳು ಸ್ನೇಹಲ. "ಪುಣೆದಾಗ ನಾನ ಹಾಡತೀನಿ. ನಾಕನೇದು ಮೊದಲ. ಎದ್ದ ಹೋಗೂರು ಹೋಗ್ಲಿ."

ಅವನು ಇನ್ನೂ ಮಾತಾಡುತ್ತಿದ್ದಂತೆಯೇ ಕರೆ ಕತ್ತರಿಸಿದಳು. ಮೊದಲ ಆಲ್ಬಮ್ಮಿನ ಪುಟ ತೆರೆದು, ಹಾಡಿದವರ ಜಾಗದಲ್ಲಿ ತನ್ನ ಹೆಸರಿಗಿಂತ ಮೇಲೆ ಒಂದು ಸಾಲು ಸೇರಿಸಿ ಓದಿ ಹೇಳಿದಳು: 'ಸತ್ತಿ ತಾರವ್ವ.'

"ಯಾವುದು ನಾ?" ಎಂದು ತಾರವ್ವ ಬಗ್ಗಿದಳು. ಓದು ಬಾರದ ಅವಳು ಸ್ನೇಹಲ ತೋರಿಸಿದ ಕಡೆ ಹೆಬ್ಬೆರಳು ಊರಿದಳು. ಪರದೆ ಜಾರಿ ಹೆಸರು ಸರ್ರನೆ ಮೇಲೆ ಹೋಗಿಬಿಟ್ಟಿತು. ತಾರವ್ವ ಗಾಬರಿಯಿಂದ ಕೈ ಹಿಂದೆಗೆದಳು. ಸ್ನೇಹಲ ಅದನ್ನು ಮೆಲ್ಲಗೆ ಕೆಳಗೆ ಎಳೆದು ತಂದಳು.