ಬಾಗಿಲಿನ ಶಬ್ದ ತೆಗೀಬೇಕು

ನಮ್ಮ ಮನೆಯವರಿಗೆ ಒಂದು ಕೆಲಸ ಹೇಳಿದರೆ ಅದು ಆಗಲು ಎಂಟು ವರ್ಷ ಬೇಕು. ಬಾಯಿಗೆ ಬಂದದ್ದು ಹೇಳುತ್ತಿಲ್ಲ. ಸಾಮಾನು ಕೋಣೆಯ ಬಾಗಿಲು ಕಿರುಗುಟ್ಟಲು ಶುರುಮಾಡಿ ಸರಿಯಾಗಿ ಎಂಟು ವರ್ಷವಾಗಿತ್ತು. ಒಂದು ಹನಿ ಎಣ್ಣೆ ಬಿಡಿ ಎಂದು ನಾನು ಬಾಯಿ ಬಡಿದುಕೊಂಡದ್ದೇ ಬಂತು. ಊರಿನ ಲಿಫ್ಟುಗಳನ್ನೆಲ್ಲ ಸದ್ದಿಲ್ಲದೆ ಓಡಿಸುವ ಮೆಕ್ಯಾನಿಕ್ ಇವರು. ಮನೆಯ ಬಾಗಿಲು ಮಾತ್ರ "ಕಿರ್ರ್ರ್... ಊಂ?" ಎಂದು ಕೊನೆಯಲ್ಲಿ ದನಿ ಏರಿಸಿ ಪ್ರಶ್ನೆ ಕೇಳುತ್ತಿತ್ತು. ಪಕ್ಕದ ಕೋಣೆಯ ಹಾಸಿಗೆಯಿಂದ ನಮ್ಮತ್ತೆ ಪ್ರತಿ ಸಲವೂ "ಯಾರದು?" ಎನ್ನುತ್ತಿದ್ದರು. ದಿನಕ್ಕೆ ಹತ್ತು ಸಲ ಬಾಗಿಲು ಕೇಳುವುದು, ಹತ್ತು ಸಲ ಅತ್ತೆ ಕೇಳುವುದು, ನಡುವೆ ನನ್ನ ತಲೆ ಚಿಟ್ಟು ಹಿಡಿಯುವುದು.

ಎಂಟು ವರ್ಷ ಆಗದ ಆ ಕೆಲಸ ಒಂದು ಮಂಗಳವಾರ ಅರ್ಧ ಗಂಟೆಯಲ್ಲಿ ಮುಗಿದುಹೋಯಿತು. ಆ ಬಾಗಿಲು ಕಿರುಗುಟ್ಟಲಿ ಎಂದು ನಾನು ಮೊಟ್ಟಮೊದಲ ಬಾರಿಗೆ ಬಯಸಿದ್ದ ದಿನವೂ ಅದೇ.

ಹಗಲು ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತೇನೆ. ಸಂಜೆ ಒಂದು ನಾಟಕ ತಂಡಕ್ಕೆ ಕೀಬೋರ್ಡ್ ನುಡಿಸುತ್ತೇನೆ. ಹನ್ನೊಂದು ವರ್ಷದಿಂದ ನನ್ನ ಜಾಗ ರಂಗದ ಎಡಮೂಲೆ, ಪರದೆಯ ಹಿಂದೆ. ಅಲ್ಲೊಬ್ಬಳು ಕೂತಿದ್ದಾಳೆಂದು ಪರದೆ ಎಳೆಯುವವನಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆದರೂ ಅದು ನನ್ನ ಜಾಗ. ಆ ಸೋಮವಾರ ನಮ್ಮ ನಿರ್ದೇಶಕರು, ಎಲ್ಲರ ಬಾಯಲ್ಲೂ ಮೇಷ್ಟ್ರು, ಹೊಸ ನಾಟಕ ಓದಿಸಿದರು. ಬೀಗ ಹಾಕಿದ ಮನೆಗೆ ಕಳ್ಳನೊಬ್ಬ ನುಗ್ಗುತ್ತಾನೆ, ಮನೆಯೇ ಅವನನ್ನು ಮಾತಾಡಿಸುತ್ತದೆ. ಓದು ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಈ ಸಲ ಸಂಗೀತ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸೋಣ ಅಂತಿದೀನಮ್ಮ. ಬೇಜಾರು ಮಾಡ್ಕೋಬೇಡ. ನಿನ್ನ ಪೆಟ್ಟಿಗೆಯಲ್ಲಿರೋ ಪಿಟೀಲು, ಕೊಳಲು ಹನ್ನೊಂದು ವರ್ಷದಿಂದ ಅದೇ. ಇಲ್ಲಿ ಮನೆ ಮಾತಾಡ್ಬೇಕು, ಪ್ಲಾಸ್ಟಿಕ್ ಅಲ್ಲ."

ಮೈಯೆಲ್ಲ ಉರಿದುಹೋಯಿತು. ಅವರು ಹೇಳಿದ್ದು ನಿಜವಾಗಿದ್ದರಿಂದ ಇನ್ನಷ್ಟು ಉರಿಯಿತು.

"ಮನೆ ಮಾತಾಡ್ಬೇಕು ತಾನೇ ಸಾರ್? ಶುಕ್ರವಾರದ ರಿಹರ್ಸಲ್‌ಗೆ ಮಾತಾಡಿಸ್ತೀನಿ."

"ಮಾತಾಡಿಸಿದ್ರೆ ನೀನೇ ಇರು. ಇಲ್ಲಾಂದ್ರೆ ಶನಿವಾರ ಸ್ಟುಡಿಯೋದವನಿಗೆ ಹೇಳ್ಬಿಡ್ತೀನಿ. ಆಮೇಲೆ ಕೀಬೋರ್ಡ್ ಬೇಕಾಗಲ್ಲಮ್ಮ."

ನನ್ನ ಕೀಬೋರ್ಡಿನಲ್ಲಿ ಸ್ಯಾಂಪಲ್ ಎಂಬ ಗುಂಡಿಯೊಂದಿದೆ. ಅದನ್ನು ಒತ್ತಿ ಮೈಕಿನ ಮುಂದೆ ಯಾವ ಶಬ್ದ ಮಾಡಿದರೂ ಅದು ಹಿಡಿದಿಟ್ಟುಕೊಂಡು ಎಲ್ಲ ಕೀಗಳಿಗೂ ಹಂಚುತ್ತದೆ. ಮೇಲಿನ ಕೀ ಒತ್ತಿದರೆ ಅದೇ ಶಬ್ದ ಸಣ್ಣಗಾಗಿ ಬೇಗ ಮುಗಿಯುತ್ತದೆ, ಕೆಳಗಿನದು ಒತ್ತಿದರೆ ದಪ್ಪಗಾಗಿ ನಿಧಾನವಾಗುತ್ತದೆ. ಒಮ್ಮೆ ಅತ್ತೆಯ ಕೆಮ್ಮು ಹಿಡಿದು ನಗಾಡಿದ್ದು ಬಿಟ್ಟರೆ ನಾನು ಆ ಗುಂಡಿ ಮುಟ್ಟಿರಲಿಲ್ಲ. ಮಂಗಳವಾರ ಗಾಜು ಉಜ್ಜುತ್ತಿದ್ದಾಗ ಥಟ್ಟನೆ ಹೊಳೆಯಿತು. ಮಾತಾಡುವ ಮನೆಗಾಗಿ ಊರೆಲ್ಲ ಹುಡುಕುವುದೇಕೆ? ನಮ್ಮ ಬಾಗಿಲು ಎಂಟು ವರ್ಷದಿಂದ ಮಾತಾಡುತ್ತಲೇ ಇದೆಯಲ್ಲ! ಅಲ್ಲಿಂದಲೇ ಇವರಿಗೆ ಫೋನ್ ಮಾಡಿದೆ.

"ರೀ, ಇವತ್ತು ಸಂಜೆ ಆ ಬಾಗಿಲಿನ ಶಬ್ದ ತೆಗೀಬೇಕು. ನನ್ನ ಮಾನದ ಪ್ರಶ್ನೆ. ಬೇಗ ಮನೆಗೆ ಬನ್ನಿ."

"ಆಯ್ತು, ಆಯ್ತು," ಎಂದರು. ದನಿಯಲ್ಲಿ ಏನೋ ಪಶ್ಚಾತ್ತಾಪ ಕೇಳಿಸಿತು. ನಾನೇ ಪೆದ್ದಿ, ಅದು ಯಾಕೆಂದು ಯೋಚಿಸಲಿಲ್ಲ.

ಸಂಜೆ ಮೈಕ್ ಹಿಡಿದು ಬಾಗಿಲು ತಳ್ಳಿದೆ. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಮತ್ತೆ ತಳ್ಳಿದೆ. ಸದ್ದೇ ಇಲ್ಲ. ಹಿಂದೆ ನಮ್ಮವರು ಕೈ ಒರೆಸಿಕೊಳ್ಳುತ್ತ, ಮುಖ ಅರಳಿಸಿಕೊಂಡು ನಿಂತಿದ್ದರು.

"ಹೇಗಿದೆ? ಕೀಲಿನ ಕಡ್ಡಿಗಳನ್ನೂ ಹೊಸದು ಹಾಕಿದೀನಿ. ಲಿಫ್ಟಿಗೆ ಹಾಕೋ ಗ್ರೀಸು. ಇನ್ನು ಇಪ್ಪತ್ತು ವರ್ಷ ಉಸಿರೆತ್ತಲ್ಲ!"

"ಅಯ್ಯೋ ನಿಮ್ಮ! ಯಾರ್ರೀ ಹೇಳಿದ್ದು ಇದನ್ನ ಮಾಡೋಕೆ?"

"ನೀನೇ ತಾನೇ ಶಬ್ದ ತೆಗೀಬೇಕು ಅಂದಿದ್ದು! ಶಬ್ದ ತೆಗೆದೆ."

"ಫೋಟೋ ತೆಗೀರಿ ಅಂದ್ರೆ ಗೋಡೆಯಿಂದ ಕಿತ್ತು ಬಿಸಾಕ್ತೀರಾ? ಫೋಟೋ ತೆಗೆದ ಹಾಗೆ ಶಬ್ದ ತೆಗೆಯೋದು! ಕೀಬೋರ್ಡಿಗೆ!"

ಅತ್ತೆ ಹಾಸಿಗೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂಟು ವರ್ಷ ಕುಂಭಕರ್ಣ, ಇವತ್ತು ಹನುಮಂತ! ನನ್ನ ಮಗನೇ ಸರಿ," ಎಂದರು. ನನಗೆ ನಗು ಬರಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಕಣ್ಣೀರು ಹಾಕಿದೆ. ಹನ್ನೊಂದು ವರ್ಷದ ಜಾಗ ಒಂದು ಮುದ್ದೆ ಗ್ರೀಸಿನಲ್ಲಿ ಜಾರಿಹೋಗುತ್ತಿತ್ತು.

ಬುಧವಾರ ಇವರು ರಜೆ ಹಾಕಿದರು. ಸೀಮೆಎಣ್ಣೆಯಿಂದ ತೊಳೆದರು, ಬಿಸಿನೀರು ಸುರಿದರು, ಸೋಪು ಹಾಕಿ ಉಜ್ಜಿದರು. ಕಿರುಗುಟ್ಟುವ ಬಾಗಿಲನ್ನು ಸುಮ್ಮನಾಗಿಸುವವರು ಬೀದಿಗೆ ಹತ್ತು ಜನ ಇದ್ದಾರೆ, ಸುಮ್ಮನಾದ ಬಾಗಿಲನ್ನು ಕಿರುಗುಟ್ಟಿಸುವವರು ಎಲ್ಲೂ ಇಲ್ಲ. ಬಾಗಿಲು ತುಟಿ ಬಿಚ್ಚಲಿಲ್ಲ. "ಬೇರೆ ಬಾಗಿಲು ನೋಡೋಣ," ಎಂದು ಮೆಲ್ಲಗೆ ಹೇಳಿದರು. ನೋಡಿದೆ. ಪಕ್ಕದ ಮನೆಯದು ಕಿರುಚಿತು, ಎದುರು ಮನೆಯದು ಗೊರಕೆ ಹೊಡೆಯಿತು. ಪ್ರಶ್ನೆ ಕೇಳುವ ಬಾಗಿಲು ನಮ್ಮದೊಂದೇ.

"ಹಳೇ ಕಡ್ಡಿಗಳು ಎಲ್ಲೋ?" ಎಂದು ಅತ್ತೆ ಮಗನನ್ನು ಕೇಳಿದ್ದು ಗುರುವಾರ ಬೆಳಿಗ್ಗೆ. "ತುಕ್ಕು ಹಿಡಿದಿದ್ದು ಅವು. ಮಾತಾಡ್ತಿದ್ದೂ ಅವೇ."

ನಮ್ಮವರು ತಲೆ ಚಚ್ಚಿಕೊಂಡರು. ಮಂಗಳವಾರ ರಾತ್ರಿಯೇ ಗ್ರೀಸಿನ ಡಬ್ಬಿ ವಾಪಸ್ ಇಡಲು ಕೆಲಸದ ಜಾಗಕ್ಕೆ ಹೋದವರು ಅವನ್ನೂ ಒಯ್ದು ಗುಜರಿ ಡ್ರಮ್ಮಿಗೆ ಎಸೆದಿದ್ದರಂತೆ. ಸಂಜೆ ಐದಕ್ಕೆ ಮನೆಗೆ ಬಂದಾಗ ಮೊಣಕೈವರೆಗೆ ಮಸಿ, ಹಣೆಯ ಮೇಲೊಂದು ಗೀರು, ಅಂಗೈಯಲ್ಲಿ ತುಕ್ಕು ಹಿಡಿದ ಮೂರು ಕಡ್ಡಿ. ಇಡೀ ಡ್ರಮ್ ನೆಲಕ್ಕೆ ಸುರಿದು ಹುಡುಕಿದ್ದರು. ಆ ಮಸಿ ಮುಖ ನೋಡಿ ಸಿಟ್ಟೆಲ್ಲ ಇಳಿದುಹೋಯಿತು. ಹಾಗಂತ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ತಲೆಯ ಮೇಲೆ ಕೂರುತ್ತಾರೆ.

ಕಡ್ಡಿಗಳನ್ನು ಕೀಲಿಗೆ ಕೂರಿಸಿದರು. ನಾನು ಮೈಕ್ ಹಿಡಿದು ಗುಂಡಿ ಒತ್ತಿದೆ. ಇವರು ಉಸಿರು ಬಿಗಿಹಿಡಿದು ಬಾಗಿಲು ತಳ್ಳಿದರು.

ಕಿರ್ರ್ರ್... ಊಂ?

"ಯಾರದು?" ಎಂದರು ಅತ್ತೆ ಒಳಗಿನಿಂದ.

ಅಭ್ಯಾಸ ನೋಡಿ! ಇವರು "ಅಮ್ಮಾ!" ಎಂದು ಕೂಗಿದರು. ಮತ್ತೆ ತಳ್ಳಿದರೆ ಸಂದಿಯಲ್ಲಿ ಉಳಿದಿದ್ದ ಗ್ರೀಸು ಕಡ್ಡಿಗೆ ಮೆತ್ತಿಕೊಂಡು ಬಾಗಿಲು ಪುನಃ ಮೌನ. ಸಿಕ್ಕಿದ್ದು ಅದೊಂದೇ ಶಬ್ದ, ಅದರ ಬಾಲಕ್ಕೆ ಅತ್ತೆ. ಶುರುವಿನ ಖಾಲಿ ಜಾಗವನ್ನೂ ಕೊನೆಯ "ಅಮ್ಮಾ"ವನ್ನೂ ಕತ್ತರಿಸಿದೆ. ಅತ್ತೆಯನ್ನೂ ಕತ್ತರಿಸಲು ಹೋದರೆ ಬಾಗಿಲಿನ "ಊಂ?" ಮತ್ತು ಅತ್ತೆಯ "ಯಾ" ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಕತ್ತರಿಸಿದರೆ ಪ್ರಶ್ನೆಯೇ ಹೋಗುತ್ತಿತ್ತು. ಕೊನೆಗೆ ಒಂದು ಉಪಾಯ ಸಿಕ್ಕಿತು: ಬೆರಳು ಸರಿಯಾದ ಗಳಿಗೆಯಲ್ಲಿ ಎತ್ತಿದರೆ ಬಾಗಿಲು ಮಾತ್ರ ಕೇಳುತ್ತದೆ, ಅತ್ತೆ ಹೊರಬರುವುದಿಲ್ಲ. ಕೀಗೊಂದು ಅಳತೆ. ಊಟದ ಹೊತ್ತಿನವರೆಗೆ ಬೆರಳಿಗೆ ಅದನ್ನೇ ಕಲಿಸಿದೆ.

ಶುಕ್ರವಾರ ಇವರು ಕೀಬೋರ್ಡ್ ಹೊತ್ತು ತಂದರು. ಅತ್ತೆಯೂ ಹಟ ಹಿಡಿದು ಬಂದು, ಹಿಂದಿನ ಸಾಲಿನಲ್ಲಿ ಕೂತು, ಕೂತ ಐದು ನಿಮಿಷಕ್ಕೆ ತೂಕಡಿಸತೊಡಗಿದರು.

ಕಳ್ಳನ ಪಾತ್ರದವನು ಕತ್ತಲ ರಂಗಕ್ಕೆ ಕಾಲಿಟ್ಟ. ನಾನು ಪರದೆಯ ಹಿಂದೆ ಕೂತು ಮನೆಯನ್ನು ಮಾತಾಡಿಸಿದೆ. ಮೇಲಿನ ಕೀಗಳಲ್ಲಿ ಮನೆ ಪಿಸುಗುಟ್ಟಿತು, ಚಾಡಿ ಹೇಳಿತು. ನಡುವೆ ಪಿಟೀಲಿಗೂ ಬಾರದ ಒಂದು ರಾಗ ಎಳೆಯಿತು. ಎಲ್ಲ ಸ್ವರದ ಕೊನೆಗೂ ಆ ಪ್ರಶ್ನೆ. ಕಳ್ಳ ನಿಜವಾಗಿಯೂ ಹಿಂದೆ ತಿರುಗಿ ನೋಡಿದ. ಪರದೆಯ ಸಂದಿಯಿಂದ ಮೇಷ್ಟ್ರ ಮುಖ ನೋಡಿದೆ. ಕಲ್ಲು. ಗಡ್ಡ ಕೆರೆದುಕೊಳ್ಳುತ್ತಿದ್ದರು. ಸಾಲಲಿಲ್ಲ ಎಂದುಕೊಂಡೆ. ಆದದ್ದಾಗಲಿ! ಎಲ್ಲಕ್ಕಿಂತ ಕೆಳಗಿನ ಕೀ ಒತ್ತಿದೆ. ಒತ್ತಿದ ಬೆರಳು ಎತ್ತಲಿಲ್ಲ.

ಇಡೀ ಮನೆಯೇ ನಿಧಾನವಾಗಿ ಬಾಯಿ ತೆರೆದಂತೆ ಕಿರುಗುಟ್ಟಿತು. ಆಮೇಲೆ, ಗೋಡೆಯ ಒಳಗಿನಿಂದ, ದಪ್ಪ ದನಿಯಲ್ಲಿ:

"ಯಾ... ರ... ದು?"

ಕಳ್ಳನ ಕೈಯಿಂದ ಟಾರ್ಚು ಬಿತ್ತು. ಹಿಂದಿನ ಸಾಲಿನಲ್ಲಿ ಅತ್ತೆ ತೂಕಡಿಕೆಯಿಂದ ಬೆಚ್ಚಿ ಎದ್ದು ನಿಂತು, ಸಭಾಂಗಣ ನಡುಗುವಂತೆ ಕೂಗಿದರು:

"ನಾನು ಕಣೇ! ಬಾಗಿಲು ತೆಗಿ!"

ಮೊದಲು ನಕ್ಕವರು ಮೇಷ್ಟ್ರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಸುಳ್ಳೇಕೆ ಹೇಳಲಿ, ನಾನು ಕೀಬೋರ್ಡಿನ ಮೇಲೆ ತಲೆಯಿಟ್ಟು ಖುಷಿಗೆ ಗಳಗಳ ಅತ್ತುಬಿಟ್ಟೆ.

"ಸ್ಟುಡಿಯೋನೂ ಬೇಡ ಗೀಡಿಯೋನೂ ಬೇಡ," ಎಂದರು ಮೇಷ್ಟ್ರು. "ಆದ್ರೆ ಒಂದು ಮಾತು. ಆ ‘ಯಾರದು’ನ ಮಾತ್ರ ತೆಗೀಬೇಡ್ರಪ್ಪ."

"ಯಾವ ತೆಗೆಯೋದು ಅಂತ ಬಿಡಿಸಿ ಹೇಳ್ಬಿಡಿ ಸಾರ್!" ಎಂದು ನಮ್ಮವರು ಹಿಂದಿನಿಂದ ಕಿರುಚಿದರು.

ಮೇಷ್ಟ್ರಿಗೆ ಅದು ಅರ್ಥವಾಗಲಿಲ್ಲ. ಅವರು ಆಗಲೇ ಪರದೆ ಎಳೆಯುವವನ ಕಡೆ ತಿರುಗಿದ್ದರು.

"ಏಯ್, ಆ ಪರದೆ ತೆಗಿಯೋ. ಈಯಮ್ಮನ ಕುರ್ಚಿ ರಂಗದ ಮಧ್ಯಕ್ಕೆ ತಂದು ಹಾಕು. ಮಾತಾಡೋ ಮನೆ ಯಾರು ಅಂತ ಜನ ನೋಡ್ಲಿ."