ಬಾವಲಿಗೆ ಬೇಡವಾದ ಪೆಟ್ಟಿಗೆ

ಬಡಗಿ ಉಮಾನಾಥ ಆಚಾರಿಗೆ ಮೊದಲು ಸಿಟ್ಟು ಬಂದದ್ದು ಆ ಕಾಗದ ಕಂಡು.

ಬಿಜೂರಿನ ಸುಂದರಿ ಹಂಚಿನ ಮಾಡು ಇಳಿಸಿ ತಾರಸಿ ಹಾಕಿಸಿದ ವರ್ಷ, ಹಂಚಿನಡಿ ಇದ್ದ ಚಿಕ್ಕ ಬಾವಲಿಗಳೆಲ್ಲ ದಿಕ್ಕೆಟ್ಟು ಹೋದವು. ಮುಂದಿನ ಮಳೆಗಾಲ ಸೊಳ್ಳೆಗಳು ಮುಖಕ್ಕೇ ಮುತ್ತಿದಾಗ ಅವಳಿಗೆ ಸೊಳ್ಳೆ ತಿನ್ನುತ್ತಿದ್ದ ಆ ಬಾವಲಿಗಳ ನೆನಪಾಯಿತು. ತಮ್ಮನ ಮಗ ಶೈಲೇಶ್ ಕುಂದಾಪುರದಲ್ಲಿ ಒಂದು ಹಾಳೆ ಪ್ರಿಂಟ್ ತೆಗೆಸಿ ತಂದುಕೊಟ್ಟ. ತೋಟದಲ್ಲಿ ಬಾವಲಿಗೆ ಮರದ ಗೂಡು ಇಡುವುದು ಹೇಗೆ ಎಂದು ಅದರಲ್ಲಿ ಚಿತ್ರವಿತ್ತು.

"ಆಚಾರ್ರೆ, ಒಳ್ಗೆ ಕೀಸುಳಿ ಹಾಕಿ ನುಣ್ಪ್ ಮಾಡುಕಾಗ ಅಂಬ್ರ್. ಅವು ಉಗುರು ಊರಿ ಜೋತ್ ಬೀಳೂದಲ್ದಾ? ಎಣ್ಣೆ, ಬಣ್ಣ ಎಂತದೂ ಬ್ಯಾಡ," ಎಂದಳು ಸುಂದರಿ, ಆ ಹಾಳೆಯನ್ನು ಉಮಾನಾಥನ ಮುಂದೆ ಹಿಡಿದು.

"ಕೀಸುಳಿ ಹಾಕ್ದೆ ಹಲ್ಗೆ ಕೊಡುಕೆ ನಾನೆಂತ ಸೌದೆ ಡಿಪೋದವ್ನಾ?"

ತಲ್ಲೂರಿನಲ್ಲಿ ರೆಡಿಮೇಡ್ ಬಾಗಿಲಿನ ಅಂಗಡಿ ಬಂದ ಮೇಲೆ ಅವನನ್ನು ಕರೆಯುವವರೇ ಇರಲಿಲ್ಲ. ಈ ಮನೆಯ ಹಳೇ ಬಾಗಿಲು, ದಾರಂದದ ಚೌಕಟ್ಟು ಮಾಡಿದವನು ಅವನ ಅಪ್ಪ. ಹೊಸ ಬಾಗಿಲು ಬಂದದ್ದು ತಲ್ಲೂರಿನಿಂದ, ಟೆಂಪೋದಲ್ಲಿ. ಈ ಪೆಟ್ಟಿಗೆಯಲ್ಲಾದರೂ ತನ್ನ ಕೈ ಎಂಥದ್ದೆಂದು ಇವರಿಗೆ ತೋರಿಸಬೇಕು ಎಂದು ಅವನಿಗೆ ಹಟ ಹಿಡಿಯಿತು.

ಹಳೇ ಮಾಡಿನ ಹಲಸಿನ ಮರವನ್ನೇ ಸೀಳಿ ಐದು ದಿನ ಕೂತ. ಒಂದು ಮೊಳೆ ಹೊಡೆಯದೆ ಮೂಲೆ ಕೂಡಿಸಿದ. ಒಳಗೂ ಹೊರಗೂ ಬೆರಳು ಜಾರುವ ಹಾಗೆ ನುಣುಪು ಮಾಡಿದ. ಗೆದ್ದಲು ಹಿಡಿಯಬಾರದೆಂದು ಎರಡು ಸಲ ಗೇರೆಣ್ಣೆ ಬಳಿದ. ಸುಂದರಿ ತೋಟದ ನಡುವೆ ಬೆಳಗಿನ ಬಿಸಿಲು ಬೀಳುವ ಜಾಗ ತೋರಿಸಿದರೆ, "ಬಿಸ್ಲಿಗೆ ಬಿರೀತ್, ಮಳೆಗೆ ಕುಂಬಾತ್ತ್" ಎಂದು ಬೈದು, ಜಗಲಿಯ ಗೋಡೆಗೆ, ಟ್ಯೂಬ್‌ಲೈಟಿನ ಪಕ್ಕ ಹೊಡೆದ. ಗೇಟು ದಾಟಿದವರಿಗೆ ಮೊದಲು ಕಾಣುವುದು ಅದೇ.

ಸುಂದರಿಯ ಗಂಡ ಪ್ರೇಮಾನಂದ ಮೀನಿನ ವ್ಯಾಪಾರದವನು, ಬಾಯಿ ಜೋರು. "ಹ್ವಾಯ್ ಆಚಾರ್ರೆ, ಬಾವ್ಲಿ ಗೃಹಪ್ರವೇಶದ ಊಟ ಯಾವತ್ತ್?"

ಬಾವಲಿ ಬರಲಿಲ್ಲ. ಒಂದು ವರ್ಷ ಹೋಯಿತು, ಇನ್ನೊಂದೂ ಹೋಯಿತು. ಉಮಾನಾಥ ಏನಾದರೊಂದು ನೆಪ ಮಾಡಿಕೊಂಡು ಆ ದಾರಿಯಲ್ಲೇ ಬರುತ್ತಿದ್ದ.

"ಬಂತಾ?"

"ಹಲ್ಲಿ ಸೈತ ಜಾರಿ ಬಿತ್ತ್ ಮಾರಾಯ್ರೆ," ಎನ್ನುತ್ತಿದ್ದ ಪ್ರೇಮಾನಂದ.

ಮೂರನೇ ವರ್ಷ ಆಷಾಢದಲ್ಲಿ ಮಳೆ ಬಿಟ್ಟು ಹೊಳವಾದ ಒಂದು ಸಂಜೆ ಸುಂದರಿಯೇ ಹೇಳಿ ಕಳಿಸಿದಳು: ಬನ್ನಿ, ಬಾವಲಿ ಬಂದಿದೆ. ಉಮಾನಾಥ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ ನಡೆದ.

ಜಗಲಿಯ ಗೋಡೆ ಖಾಲಿಯಿತ್ತು. ತೋಟದ ನಡುವೆ ಒಂದು ಕಂಬ, ಅದರ ತುದಿಯಲ್ಲಿ ಏನೋ ಒಂದು ಡಬ್ಬಿ. ಪ್ಲಾಸ್ಟಿಕ್ ಬಂದ ಮೇಲೆ ಮೂಲೆಗೆ ಬಿದ್ದಿದ್ದ ಮರದ ಮೀನಿನ ಪೆಟ್ಟಿಗೆಯನ್ನು ಒಡೆದು, ಕತ್ತಿಯ ಹಿಂಬದಿಯಿಂದ ಮೊಳೆ ಬಡಿದು ಅವಳೇ ಮಾಡಿದ್ದು. ಹಲಗೆ ಸೊಟ್ಟ, ಮೊಳೆಗಳು ಬಗ್ಗಿದ್ದವು. ಅದರ ಅಡಿಯಿಂದ ಒಂದು ಬಾವಲಿ ಉದುರಿ ಹಾರಿತು. ಆಮೇಲೆ ಎರಡು, ಹತ್ತು. ನಲವತ್ತರವರೆಗೆ ಎಣಿಸಿ ಉಮಾನಾಥ ಬಿಟ್ಟ.

"ನನ್ ಪೆಟ್ಗಿ ಎಲ್ಲ್?"

ಅದು ಒಳಗೆ ಟಿವಿಯ ಪಕ್ಕ ತಲೆಕೆಳಗಾಗಿ ಕೂತಿತ್ತು. ಬಾವಲಿ ಒಳಹೋಗಲೆಂದು ಬಿಟ್ಟಿದ್ದ ಅಡಿಯ ಬಾಯಿ ಮೇಲೆ ಬಂದು, ಅದರೊಳಗೆ ರಿಮೋಟು, ಕರೆಂಟ್ ಬಿಲ್ಲು, ಒಂದು ಬಾಚಣಿಗೆ.

"ಅಷ್ಟ್ ಚಂದದ್ದನ್ನ ಹೊರ್ಗೆ ಹಾಳ್ ಮಾಡುಕೆ ಮನ್ಸ್ ಬರ್ಲಿಲ್ಲ ಆಚಾರ್ರೆ," ಎಂದಳು ಸುಂದರಿ. ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ಅವನಿಗೆ ಹೆಚ್ಚು ಉರಿದದ್ದು. "ಆಚೆಮನೆಯವ್ರಿಗೂ ನಾಲ್ಕ್ ಬೇಕಂಬ್ರ್. ನೀವೇ ಮಾಡಿ ಕೊಡಿ. ಕಂಬದ್ ಮೇಲಿಪ್ಪುದ್ರ ಹಾಂಗೇ."

"ಅದ್ರ ಹಾಂಗೆ ಮಾಡುಕೆ ಆಚಾರಿ ಎಂತಕೆ? ಕತ್ತಿ ಇತ್ತಲೆ, ನೀವೇ ಬಡ್ಕಣಿ!"

ಚಾ ಕುಡಿಯಲಿಕ್ಕೂ ನಿಲ್ಲದೆ ಅಂಗಳಕ್ಕಿಳಿದ. ಹಿಂದೆ ಪ್ರೇಮಾನಂದ ಬಾಗಿಲು ಹಾಕುವ ಸದ್ದು. ತಲ್ಲೂರಿನ ಬಾಗಿಲು ಮಳೆಗೆ ಉಬ್ಬಿತ್ತು. ಭುಜ ಕೊಟ್ಟು ನೂಕಿದ, ಕಾಲಲ್ಲಿ ಒದ್ದ, ಬಾಗಿಲು ಚೌಕಟ್ಟಿಗೆ ಕೂರಲಿಲ್ಲ.

ಕೆಳಗಿನ ಅಂಚಿಗೆ ಎರಡು ಸಲ ಕೀಸುಳಿ ಎಳೆದರೆ ಮುಗಿಯುವ ಕೆಲಸ.

"ಆಚಾರ್ರೆ, ಹ್ವಾಯ್!" ಎಂದು ಕರೆದಳು ಸುಂದರಿ.

ಉಮಾನಾಥ ಗೇಟು ತೆಗೆದು, ಅದನ್ನು ಹಾಗೇ ಬಿಟ್ಟು, ರಸ್ತೆಗೆ ಇಳಿದ.